ಆಂಗ್ಲ ಪಾಠದಲ್ಲಿ ಒಂದು ವಾಕ್ಚಿತ್ರ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ನಾಲ್ಕು ಮಾತು ಬರೆಯಬೇಕೆಂಬುದು ನಮ್ಮ ಶಾಲೆಯ ಬಹುಕಾಲದ ವಾಡಿಕೆ. ಕಟ್ಟಡದ ಕೆಲಸ, ಪರೀಕ್ಷೆಯ ಫಲಿತಾಂಶ, ಆಟೋಟದ ಪಂದ್ಯಗಳು, ದಾನಿಗಳ ಔದಾರ್ಯ, ಇವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ ಅವನ್ನು ಇಲ್ಲಿ ಮತ್ತೆ ಹೇಳಿ ವಾಚಕರ ತಾಳ್ಮೆಯನ್ನು ಪರೀಕ್ಷಿಸಲಾರೆನು. ಕಳೆದ ವರ್ಷ ಕೆಲವರು ಪೋಷಕರು ನನ್ನನ್ನು ಕೇಳಿದ ಒಂದು ಪ್ರಶ್ನೆಗೆ ಸಾವಧಾನವಾಗಿ ಉತ್ತರ ಕೊಡುವುದಕ್ಕೆ ಈ ಪುಟಗಳನ್ನು ಉಪಯೋಗಿಸಿಕೊಳ್ಳುತ್ತೇನೆ. ಪ್ರಶ್ನೆ ಇದು: ಒಂಬತ್ತನೆಯ ತರಗತಿಯ ಇಂಗ್ಲಿಷ್ ಪಾಠದ ವೇಳೆಯಲ್ಲಿ ಹುಡುಗಿಯರಿಗೆ ಸಿನಿಮಾ ತೋರಿಸಿದುದು ಏತಕ್ಕೆ?

ಕೇಳಿದವರಲ್ಲಿ ಒಬ್ಬ ತಂದೆಯವರ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಅವರು ಬಹು ವಿನಯದಿಂದಲೇ ಹೇಳಿದರು: “ಅಮ್ಮನವರೆ, ತಪ್ಪು ತಿಳಿಯಬಾರದು. ಸಿನಿಮಾ ನೋಡುವುದಕ್ಕೆ ಮನೆಯಲ್ಲಿ ಟೆಲಿವಿಷನ್ ಇದೆ, ಕೈಯಲ್ಲಿ ಮೊಬೈಲ್ ಇದೆ. ಅದರ ಕಾಟ ಸ್ವಲ್ಪ ಹೊತ್ತಾದರೂ ತಪ್ಪಲಿ ಎಂದೇ ಮಗಳನ್ನು ತಮ್ಮ ಶಾಲೆಗೆ ಕಳುಹಿಸಿದ್ದೇವೆ. ನಾವು ಕಷ್ಟಪಟ್ಟು ಫೀಸು ಕಟ್ಟುವುದು ಅವಳು ನಾಲ್ಕು ಜನರ ಮುಂದೆ ಇಂಗ್ಲಿಷ್ ಮಾತಾಡಲಿ ಎಂದು. ಕುಡುಕ ತಂದೆಯ ಕತೆ, ಬೀದಿಯ ಹುಡುಗಿ ಗಂಡಸರ ಮನೆಗೆ ಬಂದು ಇರುವ ಕತೆ, ಇವುಗಳಿಂದ ಅವಳಿಗೇನು ಪ್ರಯೋಜನ?” ಈ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಆ ದಿನ ಅವಸರದಲ್ಲಿ ನಾನು ಹೇಳಿದ ಸಮಾಧಾನ ಅವರಿಗೆ ಸಾಕಾಯಿತೋ ಇಲ್ಲವೋ, ನನಗೆ ಮಾತ್ರ ಸಾಲದಾಯಿತು. ಆದುದರಿಂದ ನಡೆದುದನ್ನು ಮೊದಲಿನಿಂದ ಹೇಳುತ್ತೇನೆ.

ವರ್ಷದ ಆರಂಭದಲ್ಲಿ ಹಳ್ಳಿಯ ಶಾಲೆಯಿಂದ ಒಬ್ಬ ಹುಡುಗಿ ಒಂಬತ್ತನೆಯ ತರಗತಿಗೆ ಬಂದು ಸೇರಿದಳು. ಬುದ್ಧಿವಂತೆ, ಲೆಕ್ಕದಲ್ಲಿ ತರಗತಿಗೇ ಮೊದಲಿಗಳು. ಕನ್ನಡ ಪಾಠದಲ್ಲಿ ಗಟ್ಟಿಯಾಗಿ ಓದುವ ಸರದಿ ಬಂದಾಗ ಆಕೆ ‘ಹಳ್ಳಿ’ ಎಂಬಲ್ಲಿ ‘ಅಳ್ಳಿ’ ಎಂದೂ ‘ಹಾಲು’ ಎಂಬಲ್ಲಿ ‘ಆಲು’ ಎಂದೂ ಓದಿದಳು. ತರಗತಿ ನಕ್ಕಿತು. ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಆ ನಗೆ ಆಟವಾಯಿತು. ಮಾರನೆಯ ದಿನ ಅದೇ ಅವಳ ಅಡ್ಡಹೆಸರಾಯಿತು. ಮೂರನೆಯ ದಿನದಿಂದ ಆಕೆ, ಓದು ಎಂದರೆ ಪುಸ್ತಕವನ್ನು ಹಿಡಿದುಕೊಂಡು ಸುಮ್ಮನೆ ನಿಲ್ಲತೊಡಗಿದಳು. ನಕ್ಕವರು ಕೆಟ್ಟ ಮಕ್ಕಳೇನಲ್ಲ. ಬೆಳಗಿನ ಆರಾಧನೆಯಲ್ಲಿ ಇಂಪಾಗಿ ಹಾಡುವವರು, ಕ್ರಿಸ್ಮಸ್ ಕಾಲದಲ್ಲಿ ಅನಾಥಾಲಯಕ್ಕೆ ಬಟ್ಟೆಬರೆ ಕೂಡಿಸುವವರು ಅವರೇ. ನಾನು ಪ್ರಾರ್ಥನಾ ಸಭೆಯಲ್ಲಿ ಎಲ್ಲರನ್ನೂ ಕಠಿಣವಾಗಿ ಗದರಿಸಿದೆನು. ಅದರ ಫಲವಾಗಿ ಬಾಯಿಬಿಟ್ಟು ನಗುತ್ತಿದ್ದವರು ಬಾಯಿಗೆ ಕೈ ಅಡ್ಡವಿಟ್ಟುಕೊಂಡು ನಕ್ಕರು. ಗದರಿಕೆಯಿಂದ ನಗೆ ಅಡಗೀತೇ ಹೊರತು ಅಳಿಯದು ಎಂಬುದನ್ನು ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಆಗಲೇ ಅರಿತಿರಬೇಕಾಗಿತ್ತು.

ಇಲ್ಲಿ ಇನ್ನೊಂದು ವಿಚಿತ್ರವೂ ಉಂಟು. ಕನ್ನಡ ಪಾಠದಲ್ಲಿ ನಗುವ ಇದೇ ಹುಡುಗಿಯರು ಇಂಗ್ಲಿಷ್ ಪಾಠದಲ್ಲಿ ಬಾಯಿಬಿಡಲಾರರು. ದೊಡ್ಡ ನಗರಗಳ ಶಾಲೆಗಳವರೊಡನೆ ಚರ್ಚಾಸ್ಪರ್ಧೆಗೆ ಕಳುಹಿಸಿದರೆ ಅವರ ನಾಲಗೆ ಒಣಗುತ್ತದೆ. ತಪ್ಪು ನುಡಿದರೆ ಯಾರಾದರೂ ನಕ್ಕಾರು ಎಂಬ ಭಯ. ನಗುವವಳೂ ಇನ್ನೊಂದೆಡೆ ನಗೆಗೀಡಾಗುವವಳೇ ಎಂಬುದನ್ನು ಇವರಿಗೆ ತೋರಿಸಿಕೊಡುವ ಬಗೆ ಹೇಗೆ ಎಂದು ನಾನೂ ನಮ್ಮ ಇಂಗ್ಲಿಷ್ ಉಪಾಧ್ಯಾಯಿನಿಯವರೂ ಕುಳಿತು ಆಲೋಚಿಸಿದೆವು. ಆ ಆಲೋಚನೆಯಿಂದ ಹೊರಟುದೇ ಈ ಚಿತ್ರದ ಪಾಠ.

ನಾವು ಆರಿಸಿದ್ದು ‘ಪಿಗ್ಮೇಲಿಯನ್’ ಎಂಬ ವಾಕ್ಚಿತ್ರ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ 1934ರಲ್ಲಿ ಬಂದಿತು. ಅದಾದ ನಾಲ್ಕು ವರ್ಷಗಳಿಗೆ, 1938ರಲ್ಲಿ, ಇಂಗ್ಲೆಂಡಿನಲ್ಲಿ ತಯಾರಾದುದು ಇದು. ಜಾರ್ಜ್ ಬರ್ನಾರ್ಡ್ ಷಾ ಅವರ ಅದೇ ಹೆಸರಿನ ನಾಟಕವೇ ಇದಕ್ಕೆ ಆಧಾರ. ಆ ನಾಟಕವು 1913ರಲ್ಲಿ ವಿಯೆನ್ನಾ ನಗರದಲ್ಲಿಯೂ 1914ರಲ್ಲಿ ಲಂಡನ್ನಿನಲ್ಲಿಯೂ ರಂಗವನ್ನೇರಿತು. ಆಂಥೊನಿ ಆಸ್ಕ್ವಿತ್ ಮತ್ತು ಲೆಸ್ಲಿ ಹೋವರ್ಡ್ ಎಂಬ ಇಬ್ಬರು ಚಿತ್ರವನ್ನು ನಿರ್ದೇಶಿಸಿದರು. ನಾಯಕಿಯ ಪಾತ್ರ ವೆಂಡಿ ಹಿಲ್ಲರ್ ಎಂಬಾಕೆಯದು. 1925ರ ನೊಬೆಲ್ ಬಹುಮಾನವನ್ನು ಪಡೆದಿದ್ದ ಷಾ ಅವರಿಗೆ ಈ ಚಿತ್ರಕಥೆಗಾಗಿ ಅಮೆರಿಕದ ಅಕಾಡೆಮಿ ಪ್ರಶಸ್ತಿಯೂ ದೊರೆಯಿತು. ಇದೇ ಕತೆಯನ್ನು ಹಾಡುಗಳೊಡನೆ ವಿಸ್ತರಿಸಿ 1964ರಲ್ಲಿ ತೆಗೆದ ‘ಮೈ ಫೇರ್ ಲೇಡಿ’ ಎಂಬ ವರ್ಣಚಿತ್ರವು ಹೆಚ್ಚು ಪ್ರಸಿದ್ಧ. ಆದರೆ ಅದು ಮೂರು ಗಂಟೆಗೆ ಸಮೀಪದ್ದು. ಹಳೆಯದಾದರೋ ಒಂದೂವರೆ ಗಂಟೆಗಿಂತ ಸ್ವಲ್ಪವೇ ಹೆಚ್ಚು. ಇದರಲ್ಲಿ ಗಮನವನ್ನು ಸೆಳೆಯುವ ಬಣ್ಣವೂ ಇಲ್ಲ, ಹಾಡೂ ಇಲ್ಲ; ಮಾತೇ ಎಲ್ಲವೂ. ಭಾಷೆಯ ಪಾಠಕ್ಕೆ ನಮಗೆ ಬೇಕಾದುದೂ ಮಾತೇ.

ಕತೆಯನ್ನು ಅರಿಯದವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಲಂಡನ್ನಿನ ಕಾವೆಂಟ್ ಗಾರ್ಡನ್ ಎಂಬ ಪೇಟೆಯ ಬಳಿ ಎಲೈಜಾ ಡೂಲಿಟ್ಲ್ ಎಂಬ ಬಡ ಹೂವಾಡಗಿತ್ತಿ ಇದ್ದಾಳೆ. ಅವಳ ನುಡಿ ಆ ನಗರದ ಬಡವರ ಕಾಕ್ನಿ ನುಡಿ. ಹೆನ್ರಿ ಹಿಗ್ಗಿನ್ಸ್ ಎಂಬ ಧ್ವನಿಶಾಸ್ತ್ರದ ಪಂಡಿತನು ಅವಳ ಮಾತನ್ನು ಕೇಳಿ ಬರೆದುಕೊಳ್ಳುತ್ತಾನೆ. ಕೆಲವೇ ತಿಂಗಳುಗಳಲ್ಲಿ ಇವಳ ನುಡಿಯನ್ನು ತಿದ್ದಿ ರಾಯಭಾರಿಯ ಔತಣದಲ್ಲಿ ದೊಡ್ಡ ಮನೆತನದ ಸ್ತ್ರೀಯೆಂದು ನಂಬಿಸಬಲ್ಲೆನೆಂದು ಜಂಬ ಕೊಚ್ಚುತ್ತಾನೆ. ಅವನ ಗೆಳೆಯ ಕರ್ನಲ್ ಪಿಕರಿಂಗ್ ಪಂದ್ಯ ಕಟ್ಟುತ್ತಾನೆ. ಹೂವಿನ ಅಂಗಡಿಯಲ್ಲಿ ಕೆಲಸ ಸಿಕ್ಕಬೇಕಾದರೆ ಮಾತು ಸರಿಯಾಗಿರಬೇಕೆಂದು ಎಲೈಜಾ ತಾನಾಗಿಯೇ ಪಾಠಕ್ಕೆ ಬರುತ್ತಾಳೆ. ಹಗಲಿರುಳು ಅಭ್ಯಾಸ ನಡೆದು ಪಂದ್ಯವೂ ಗೆಲ್ಲುತ್ತದೆ. ಗೆದ್ದ ಮೇಲೆ ಆ ಹುಡುಗಿಯ ಗತಿಯೇನು ಎಂಬುದೇ ಕತೆಯ ಮರ್ಮ. ಹೆಸರಿನ ಮೂಲ ಗ್ರೀಕರ ಪುರಾಣದಲ್ಲಿದೆ. ಪಿಗ್ಮೇಲಿಯನ್ ಎಂಬ ಶಿಲ್ಪಿ ತಾನು ಕೆತ್ತಿದ ಪ್ರತಿಮೆಯನ್ನು ತಾನೇ ಮೋಹಿಸಿದನಂತೆ. ದೇವತೆಯ ವರದಿಂದ ಅದಕ್ಕೆ ಜೀವ ಬಂದಿತಂತೆ. ಷಾ ಕೇಳುವ ಪ್ರಶ್ನೆ ಬೇರೆ: ಜೀವ ಬಂದ ಪ್ರತಿಮೆ ಶಿಲ್ಪಿಗೆ ಎದುರುತ್ತರ ಕೊಟ್ಟರೆ?

ಪಾಠ ನಡೆದ ಕ್ರಮವನ್ನೂ ಪೋಷಕರು ತಿಳಿಯಬೇಕು. ಒಮ್ಮೆಗೇ ದೀಪವಾರಿಸಿ ಚಿತ್ರವನ್ನು ಓಡಿಸಿದುದಲ್ಲ. ಎರಡು ವಾರಗಳಲ್ಲಿ ಏಳು ಪಾಠಗಳು. ಪ್ರತಿ ಪಾಠದಲ್ಲಿ ಹದಿನೈದು ನಿಮಿಷದಷ್ಟು ಚಿತ್ರ. ಮೊದಲ ಸಲ ಸುಮ್ಮನೆ ನೋಡುವುದು, ಎರಡನೆಯ ಸಲ ಕೇಳಿದ ಮಾತನ್ನು ಬರೆದುಕೊಳ್ಳುವುದು. ಬಳಿಕ ನಾಟಕದ ಅಚ್ಚಾದ ಪ್ರತಿಯೊಡನೆ ಹೋಲಿಸಿ ತಪ್ಪು ತಿದ್ದುವುದು. ಕೊನೆಯಲ್ಲಿ ಒಂದು ಪ್ರಶ್ನೆಗೆ ಇಂಗ್ಲಿಷಿನಲ್ಲಿ ಹತ್ತು ಸಾಲಿನ ಉತ್ತರ. ಕೇಳುವುದು, ನುಡಿಯುವುದು, ಓದುವುದು, ಬರೆಯುವುದು ಎಂಬ ಭಾಷಾಪಾಠದ ನಾಲ್ಕು ಅಂಗಗಳೂ ಇದರಲ್ಲಿ ಅಡಕವಾಗಿದ್ದವು. ಶಿಕ್ಷಕಿಯರ ತರಬೇತಿಯಲ್ಲಿ ನಮಗೆ ಕಲಿಸಿದ ಸೂತ್ರವನ್ನು ನಾವು ಮೀರಲಿಲ್ಲ. ಒಂದೇ ವ್ಯತ್ಯಾಸವೆಂದರೆ, ಪಾಠಪುಸ್ತಕದ ಗದ್ಯಭಾಗಕ್ಕೆ ಎರಡು ಸಾಲಿನ ಉತ್ತರವನ್ನು ಬಾಯಿಪಾಠ ಮಾಡುವವರು ಇಲ್ಲಿ ಹತ್ತು ಸಾಲು ಸ್ವಂತವಾಗಿ ಬರೆದರು. ವ್ಯಾಕರಣದ ತಪ್ಪುಗಳು ಹೇರಳವಾಗಿದ್ದವು. ಆದರೆ ಅವು ಅವರವೇ ತಪ್ಪುಗಳು.

ಮೊದಲನೆಯ ಪಾಠದಲ್ಲಿ ಎಲೈಜಾ ಬಾಯಿ ತೆರೆದ ಕೂಡಲೇ ತರಗತಿಯೆಲ್ಲ ನಕ್ಕಿತೆಂದು ಬೇರೆ ಹೇಳಬೇಕಾಗಿಲ್ಲ. ಏತಕ್ಕೆ ನಗು ಬಂದಿತು ಎಂದು ಉಪಾಧ್ಯಾಯಿನಿಯವರು ಕೇಳಿದರು. ಉತ್ತರ ಹುಡುಕುತ್ತ ಹೋದಾಗ ಕಾಕ್ನಿ ನುಡಿಯ ಲಕ್ಷಣಗಳನ್ನು ಪಟ್ಟಿ ಮಾಡಬೇಕಾಯಿತು. ಅವುಗಳಲ್ಲಿ ಪ್ರಧಾನವಾದುದು, ಪದದ ಮೊದಲಲ್ಲಿ ಬರುವ ಎಚ್ ಅಕ್ಷರವನ್ನು ನುಂಗುವುದು: ‘ಹೌಸ್’ ಎಂಬುದು ‘ಔಸ್’ ಆಗುವುದು. ಅದನ್ನು ಕಪ್ಪುಹಲಗೆಯ ಮೇಲೆ ಬರೆದಾಗ, ಹಿಂದೆ ನಕ್ಕವರಲ್ಲಿ ಒಬ್ಬಳು ಎದ್ದು, “ಮಿಸ್, ಅಲ್ಲಿಯ ಹೂವಾಡಗಿತ್ತಿಯೂ ನಮ್ಮೂರ ಹೂವಾಡಗಿತ್ತಿಯೂ ನುಂಗುವುದು ಒಂದೇ ಅಕ್ಷರ” ಎಂದಳು. ನಮ್ಮ ಪೇಟೆಬೀದಿಯಲ್ಲಿ ಸಂಜೆಯ ಹೊತ್ತು ‘ಊವು’ ಎಂದು ಕೂಗುತ್ತ ಬರುವ ಹೆಂಗಸರ ದನಿ ಎಲ್ಲರಿಗೂ ಪರಿಚಿತವಷ್ಟೆ. ಆ ಮಾತಿಗೆ ತರಗತಿ ಮತ್ತೆ ನಕ್ಕಿತು. ಆದರೆ ಆ ನಗೆಯಲ್ಲಿ ಮುಳ್ಳಿರಲಿಲ್ಲವೆಂದು ಉಪಾಧ್ಯಾಯಿನಿಯವರು ಹೇಳಿದರು.

ಆ ವಾರ ಕನ್ನಡ ಪಂಡಿತರೂ ಈ ಎಳೆಯನ್ನು ಹಿಡಿದರು. ಹಾಲು ಎಂಬುದೇ ಶುದ್ಧ, ಆಲು ಎಂಬುದು ಅಶುದ್ಧ ಎನ್ನುವೆವಲ್ಲ, ಹತ್ತನೆಯ ಶತಮಾನದ ಪಂಪನ ಮುಂದೆ ಹಾಲು ಎಂದಿದ್ದರೆ ಅವನೂ ನಗುತ್ತಿದ್ದನೋ ಏನೋ! ಅವನ ಕಾಲಕ್ಕೆ ಅದು ಪಾಲ್. ಹಳ್ಳಿ ಆಗ ಪಳ್ಳಿ. ಹೂವು ಆಗ ಪೂ. ತಮಿಳರೂ ತೆಲುಗರೂ ಆ ಪಕಾರವನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ನಮ್ಮವರು ಪಕಾರವನ್ನು ಸಡಿಲಿಸಿ ಹಕಾರ ಮಾಡಿದರು; ಹಳ್ಳಿಯವರು ಅದನ್ನೂ ಸಡಿಲಿಸಿ ಉಸಿರನ್ನು ಉಳಿಸಿದರು. ಮಿಶನರಿಗಳಾದ ಕಿಟೆಲರು 1894ರಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಹಳೆಯ ರೂಪವನ್ನೂ ಹೊಸ ರೂಪವನ್ನೂ ಸಮನಾಗಿ ಆದರಿಸಿ ಸೇರಿಸಿದ್ದಾರೆ. ಜಿ. ಪಿ. ರಾಜರತ್ನಂ ಅವರು ‘ರತ್ನನ ಪದಗಳು’ ಎಂಬ ಕಾವ್ಯವನ್ನು ಹಕಾರವಿಲ್ಲದ ಆ ನುಡಿಯಲ್ಲಿಯೇ ಬರೆದು ಪಂಡಿತರಿಂದಲೂ ತಲೆದೂಗಿಸಿದರು. ಹೆಂಡದ ಮಾತು ಮಿಶನ್ ಶಾಲೆಯಲ್ಲಿ ಏಕೆಂದು ಯಾರೂ ಹುಬ್ಬೇರಿಸಬಾರದು. ನಾವು ಮೆಚ್ಚಿದ್ದು ಹೆಂಡವನ್ನಲ್ಲ, ನುಡಿಯನ್ನು.

ನುಡಿಯಿಂದ ಮನುಷ್ಯನನ್ನು ಗುರುತಿಸಿ ದೂರವಿಡುವುದು ಹೊಸದಲ್ಲವೆಂಬುದಕ್ಕೆ ಸತ್ಯವೇದವೇ ಸಾಕ್ಷಿ. ನ್ಯಾಯಸ್ಥಾಪಕರು ಎಂಬ ಪುಸ್ತಕದ ಹನ್ನೆರಡನೆಯ ಅಧ್ಯಾಯದಲ್ಲಿ ಗಿಲ್ಯಾದಿನವರು ಯೊರ್ದನ್ ಹೊಳೆಯ ಹಾಯಗಡಗಳನ್ನು ಹಿಡಿದು, ದಾಟಬಂದವರ ಬಾಯಿಂದ ‘ಷಿಬ್ಬೋಲೆತ್’ ಎಂಬ ಪದವನ್ನು ಹೇಳಿಸಿದರು. ಎಫ್ರಾಯೀಮಿನವರಿಗೆ ಷಕಾರ ಹೊರಡದೆ ‘ಸಿಬ್ಬೋಲೆತ್’ ಎಂದು ಬಂದಿತು. ಒಂದು ಅಕ್ಷರದ ದೆಸೆಯಿಂದ ಆಗ ಸತ್ತವರು 42,000 ಜನ. ಮಹಾಯಾಜಕನ ಅಂಗಳದಲ್ಲಿ ಚಳಿಕಾಯಿಸಿಕೊಳ್ಳುತ್ತಿದ್ದ ಪೇತ್ರನನ್ನು ಹಿಡಿದುಕೊಟ್ಟುದು ಅವನ ಗಲಿಲಾಯದ ನುಡಿಯೇ ಅಲ್ಲವೆ? ಈ ಎರಡು ಸಂದರ್ಭಗಳನ್ನೂ ನಮ್ಮ ಹುಡುಗಿಯರು ಸತ್ಯವೇದದ ಪಾಠದಲ್ಲಿ ಎಷ್ಟೋ ಸಲ ಓದಿದ್ದರು. ಆದರೆ ಅವು ತಮ್ಮ ಮಧ್ಯಾಹ್ನದ ಬಿಡುವಿನ ಆಟಕ್ಕೆ ಸಂಬಂಧಪಟ್ಟವೆಂದು ಅವರಿಗೆ ಹೊಳೆದುದು ಆ ವಾರ.

ಇನ್ನು ಚಿತ್ರದ ಮುಂದಿನ ಭಾಗ. ಅರ್ಧ ಕಲಿತ ಎಲೈಜಾಳನ್ನು ಹಿಗ್ಗಿನ್ಸನು ತನ್ನ ತಾಯಿಯ ಮನೆಯ ಚಹಾಕೂಟಕ್ಕೆ ಕರೆದೊಯ್ಯುತ್ತಾನೆ. ಅವಳ ಉಚ್ಚಾರಣೆ ಆಗ ಮುತ್ತಿನಂತಿದೆ. ಆದರೆ ಆಡುವ ವಿಷಯ, ತನ್ನ ಚಿಕ್ಕಮ್ಮನನ್ನು ಮನೆಯವರೇ ಮುಗಿಸಿಬಿಟ್ಟಿರಬಹುದೆಂಬ ಸಂಶಯ! ಇಂಗ್ಲಿಷ್ ಕಲಿಸುವ ಪ್ರತಿಯೊಬ್ಬರೂ ನೋಡಬೇಕಾದ ದೃಶ್ಯವಿದು. ಸ್ವರಗಳನ್ನು ತಿದ್ದಿದವನು ವಿಚಾರವನ್ನು ಬೆಳೆಸಲಿಲ್ಲ. ನಮ್ಮಲ್ಲಿಯೂ ‘ಸ್ಪೋಕನ್ ಇಂಗ್ಲಿಷ್’ ಎಂದು ಬೀದಿಬೀದಿಯಲ್ಲಿ ಫಲಕ ತೂಗಿಹಾಕಿಕೊಂಡು ಮೂರು ತಿಂಗಳಲ್ಲಿ ನಾಲಗೆಯನ್ನು ತಿರುಗಿಸಿಕೊಡುವವರುಂಟು. ನಾಲಗೆ ತಿರುಗಿದ ಮೇಲೆ ಹೇಳುವುದಕ್ಕೆ ಏನಿದೆ ಎಂಬುದನ್ನು ಕಲಿಸುವವರು ಯಾರು? ಮುಂದೆ ರಾಯಭಾರಿಯ ಔತಣದಲ್ಲಿ ಇನ್ನೊಬ್ಬ ಭಾಷಾಪಂಡಿತನು ಎಲೈಜಾಳ ಮಾತನ್ನು ಪರೀಕ್ಷಿಸಿ, ಇಷ್ಟು ನಿರ್ದೋಷವಾದ ಇಂಗ್ಲಿಷನ್ನು ಇಂಗ್ಲೆಂಡಿನವರು ಆಡುವುದುಂಟೆ, ಈಕೆ ಖಂಡಿತವಾಗಿಯೂ ಹಂಗರಿಯ ರಾಜವಂಶದವಳು ಎಂದು ತೀರ್ಮಾನಿಸುತ್ತಾನೆ. ಕಲಿತು ಆಡುವವರೇ ಶುದ್ಧವಾಗಿ ಆಡುವರೆಂಬ ಈ ವಿನೋದದಿಂದ ನಮ್ಮ ಹುಡುಗಿಯರಿಗೆ ಬಂದ ಧೈರ್ಯ, ನನ್ನ ಹತ್ತು ಉಪದೇಶಗಳಿಂದ ಬಂದಿರಲಿಲ್ಲ.

ಕುಡುಕ ತಂದೆಯ ವಿಷಯಕ್ಕೆ ಬರುತ್ತೇನೆ. ಎಲೈಜಾಳ ತಂದೆ ಡೂಲಿಟ್ಲ್ ಕಸ ಸಾಗಿಸುವ ಕೆಲಸದವನು. ಮಗಳು ದೊಡ್ಡ ಮನೆಯಲ್ಲಿರುವಳೆಂದು ತಿಳಿದು ಬಂದು, ಐದು ಪೌಂಡು ಕೊಟ್ಟರೆ ತಾನು ಅವಳ ಗೊಡವೆಗೆ ಬರುವುದಿಲ್ಲವೆನ್ನುತ್ತಾನೆ. ಹತ್ತು ಕೊಡಲು ಬಂದರೆ ಬೇಡವೆನ್ನುತ್ತಾನೆ. ಹತ್ತು ಕೈಗೆ ಬಂದರೆ ಮನುಷ್ಯನಿಗೆ ಮುಂದಾಲೋಚನೆ ಹುಟ್ಟಿ ಸುಖ ಹೋಗುವುದಂತೆ! ನಗು ಬರಿಸುವ ದೃಶ್ಯವೇ ಸರಿ. ಆದರೆ ನಕ್ಕಾದ ಮೇಲೆ ಒಂದು ಲೆಕ್ಕವನ್ನು ಹಾಕಿಸಿದೆವು. ಮೂಲ ನಾಟಕದಲ್ಲಿ ಎಲೈಜಾ ಪಾಠಕ್ಕೆ ಒಂದು ಷಿಲಿಂಗ್ ಕೊಡುವೆನೆನ್ನುತ್ತಾಳೆ. ಅವಳ ದಿನದ ಸಂಪಾದನೆ ಅರ್ಧ ಕ್ರೌನ್, ಎಂದರೆ ಎರಡೂವರೆ ಷಿಲಿಂಗ್. ಹಾಗಾದರೆ ದುಡಿಮೆಯ ಐದರಲ್ಲಿ ಎರಡು ಪಾಲನ್ನು ವಿದ್ಯೆಗಾಗಿ ಎತ್ತಿಡಲು ಆಕೆ ಸಿದ್ಧಳಾಗಿದ್ದಳು; ಅವಳ ತಂದೆ ಆ ಮಗಳನ್ನೇ ಐದು ಪೌಂಡಿಗೆ ಬಿಟ್ಟುಕೊಟ್ಟನು. ಈ ಲೆಕ್ಕವನ್ನು ಹಾಕಿದ ಹುಡುಗಿಯರಿಗೆ ಕುಡಿತದ ಮೇಲೆ ಬೇರೆ ಉಪದೇಶ ಬೇಕಾಗಲಿಲ್ಲ. ತಮ್ಮ ತಂದೆತಾಯಿಗಳು ಕಟ್ಟುವ ಫೀಸು ಮನೆಯ ಸಂಪಾದನೆಯ ಎಷ್ಟನೆಯ ಪಾಲು ಎಂದು ಕೆಲವರು ಮನೆಗೆ ಹೋಗಿ ಕೇಳಿದರಂತೆ. ನನಗೆ ಪ್ರಶ್ನೆ ಹಾಕಿದ ಆ ತಂದೆಯವರ ಮಗಳೂ ಕೇಳಿದ್ದಳೆಂದು ಬಳಿಕ ತಿಳಿಯಿತು.

ಹೆಣ್ಣುಮಗಳೊಬ್ಬಳು ಗಂಡಸರ ಮನೆಯಲ್ಲಿರುವುದು ಸರಿಯೇ ಎಂಬ ಶಂಕೆಯನ್ನು ಚಿತ್ರದಲ್ಲಿಯೇ ಎತ್ತುವವರು ಇದ್ದಾರೆ. ಆ ಮನೆಯನ್ನು ನೋಡಿಕೊಳ್ಳುವ ಶ್ರೀಮತಿ ಪಿಯರ್ಸ್ ಎಂಬಾಕೆ ಮೊದಲ ದಿನವೇ ಪಂಡಿತನನ್ನು ತಡೆದು, ನಿಮ್ಮ ಕಲಿಸೋಣ ಮುಗಿದ ಮೇಲೆ ಈ ಹುಡುಗಿಯ ಗತಿಯೇನೆಂದು ಕೇಳುತ್ತಾಳೆ. ಅವನ ತಾಯಿಯೂ ಅದನ್ನೇ ಕೇಳುತ್ತಾಳೆ. ಲೋಕವನ್ನು ಕಂಡ ಆ ಇಬ್ಬರು ಹೆಂಗಸರ ಪ್ರಶ್ನೆ ಇಬ್ಬರು ವಿದ್ವಾಂಸರ ಕಿವಿಗೆ ಬೀಳುವುದೇ ಇಲ್ಲ. ಪಂದ್ಯ ಗೆದ್ದ ರಾತ್ರಿ ಅವರು ತಮ್ಮ ತಮ್ಮಲ್ಲಿಯೇ ಅಭಿನಂದಿಸಿಕೊಳ್ಳುತ್ತಾರೆ. ಮೂಲೆಯಲ್ಲಿ ನಿಂತ ಎಲೈಜಾಳಿಗೆ ಒಂದು ಒಳ್ಳೆಯ ಮಾತಿಲ್ಲ. ಅವಳು ಪಂಡಿತನ ಚಪ್ಪಲಿಗಳನ್ನೆತ್ತಿ ಅವನ ಮೇಲೆಯೇ ಎಸೆದು, ನನ್ನನ್ನು ಯಾವುದಕ್ಕೆ ಯೋಗ್ಯಳನ್ನಾಗಿ ಮಾಡಿದಿರಿ ಎಂದು ಕೇಳುತ್ತಾಳೆ. ಯಾರನ್ನಾದರೂ ಮದುವೆಯಾಗು ಎಂಬುದೇ ಅವನ ಉತ್ತರ. ಹಿಂದೆ ತಾನು ಹೂವನ್ನು ಮಾರುತ್ತಿದ್ದೆನೇ ಹೊರತು ತನ್ನನ್ನು ಮಾರಿಕೊಳ್ಳುತ್ತಿರಲಿಲ್ಲವೆಂದು ಆಕೆ ಹೇಳುವಾಗ, ಬೀದಿಯ ಹುಡುಗಿ ಯಾರು, ಸಂಭಾವಿತರು ಯಾರು ಎಂಬುದು ತಲೆಕೆಳಗಾಗುತ್ತದೆ. ತನ್ನ ನಿಜವಾದ ಶಿಕ್ಷಣ ಮೊದಲಾದುದು ಧ್ವನಿಶಾಸ್ತ್ರದಿಂದಲ್ಲ, ಪಿಕರಿಂಗ್ ತನ್ನನ್ನು ಮರ್ಯಾದೆಯ ಹೆಸರಿನಿಂದ ಕರೆದ ದಿನದಿಂದ ಎಂದೂ ಆಕೆ ಹೇಳುತ್ತಾಳೆ. ಇದಕ್ಕಿಂತ ಉತ್ತಮವಾದ ಪಾಠವನ್ನು ನಾನು ಯಾವ ಬೋಧನಾಶಾಸ್ತ್ರದ ಪುಸ್ತಕದಲ್ಲಿಯೂ ಓದಿಲ್ಲ.

ಚಿತ್ರದ ಮುಕ್ತಾಯದಲ್ಲಿ ಎಲೈಜಾ ಹಿಗ್ಗಿನ್ಸನ ಮನೆಗೆ ಹಿಂದಿರುಗುತ್ತಾಳೆ. ಅವನು ತನ್ನ ಚಪ್ಪಲಿ ಎಲ್ಲಿ ಎಂದು ಕೇಳುತ್ತಾನೆ. ಈ ಮುಕ್ತಾಯ ಷಾ ಅವರಿಗೆ ಒಪ್ಪಿಗೆಯಿರಲಿಲ್ಲ. ನಾಟಕವನ್ನು 1916ರಲ್ಲಿ ಅಚ್ಚುಹಾಕಿಸಿದಾಗ ಅವರು ಸೇರಿಸಿದ ಹಿನ್ನುಡಿಯಲ್ಲಿ ಆಕೆ ಬೇರೊಬ್ಬನನ್ನು ಮದುವೆಯಾಗಿ ಹೂವಿನ ಅಂಗಡಿಯನ್ನು ಇಡುತ್ತಾಳೆ. ಏಳನೆಯ ಪಾಠವು ಇದರ ಮೇಲೆ ಇಂಗ್ಲಿಷಿನಲ್ಲಿ ನಡೆದ ಚರ್ಚೆ. ಹಿಂದಿರುಗಬಾರದಾಗಿತ್ತು ಎಂದವರು ಹೆಚ್ಚು. ಹಿಂದಿರುಗಲಿ, ಆದರೆ ಚಪ್ಪಲಿಯನ್ನು ಅವನೇ ಹುಡುಕಿಕೊಳ್ಳಲಿ ಎಂದಳು ಒಬ್ಬಳು. ಅಂಗಡಿಯೂ ಬೇಡ, ಅವನೂ ಬೇಡ, ತಾನು ಕಲಿತುದನ್ನು ಇತರ ಹುಡುಗಿಯರಿಗೆ ಕಲಿಸುತ್ತ ಉಪಾಧ್ಯಾಯಿನಿಯಾಗಲಿ ಎಂದು ಹೇಳಿದವಳು, ವರ್ಷದ ಆರಂಭದಲ್ಲಿ ಪುಸ್ತಕ ಹಿಡಿದು ಸುಮ್ಮನೆ ನಿಲ್ಲುತ್ತಿದ್ದ ಆ ಹೊಸ ಹುಡುಗಿ. ತಡವರಿಸುತ್ತ, ಮೂರು ವಾಕ್ಯಗಳಲ್ಲಿ, ಇಂಗ್ಲಿಷಿನಲ್ಲಿ ಹೇಳಿದಳು. ಈಗ ಆಕೆ ಕನ್ನಡವನ್ನೂ ಗಟ್ಟಿಯಾಗಿ ಓದುತ್ತಾಳೆ. ಹಕಾರ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ, ಎಣಿಸುವವರು ಕಡಿಮೆಯಾಗಿದ್ದಾರೆ. ಶಾಲೆಯಲ್ಲಿ ಅಣಕ ಪೂರ್ತಿಯಾಗಿ ಹೋಯಿತೆಂದು ನಾನು ಹೇಳಲಾರೆನು. ಎಂಟನೆಯ ತರಗತಿಯವರು ಇನ್ನೂ ಈ ಪಾಠಕ್ಕೆ ಬರಬೇಕಾಗಿದೆ.

ಈ ವಿಷಯದಲ್ಲಿ ನನಗೇಕೆ ಇಷ್ಟು ಆಗ್ರಹ ಎಂದು ಯಾರಾದರೂ ಕೇಳಿದರೆ ಮುಚ್ಚಿಡುವುದಿಲ್ಲ. ನಾನೂ ಮಿಶನ್ ಶಾಲೆಯೊಂದರ ಹಾಸ್ಟೆಲಿನಲ್ಲಿ ಬೆಳೆದವಳು. ತಿಂಗಳಿಗೊಂದು ಶನಿವಾರ ನಮ್ಮ ತಾಯಿಯವರು ಬಸ್ಸಿಳಿದು, ಹುರಿಗಾಳಿನ ಗಂಟು ಹಿಡಿದುಕೊಂಡು ನನ್ನನ್ನು ನೋಡಲು ಬರುತ್ತಿದ್ದರು. ಒಂದು ಸಲ ಗೆಳತಿಯರ ನಡುವೆ ಅವರು, “ಕ್ರಿಸ್ಮಸ್ ಅಬ್ಬಕ್ಕೆ ಯಾವತ್ತು ಬತ್ತೀಯವ್ವ?” ಎಂದು ಕೇಳಿದರು. “ಅಬ್ಬ ಅಲ್ಲವ್ವ, ಹಬ್ಬ” ಎಂದು ನಾನು ತಿದ್ದಿದೆನು. ಗೆಳತಿಯರು ಕಿಸಕ್ಕನೆ ನಕ್ಕರು, ನಾನೂ ನಕ್ಕೆನು. ಆಮೇಲೆ ಅವರು ಬರುವುದನ್ನು ಬಿಡಲಿಲ್ಲ, ಮಾತನಾಡುವುದನ್ನು ಬಿಟ್ಟರು. ಗಂಟನ್ನು ಕೈಗೆ ಕೊಟ್ಟು, ತಲೆಯನ್ನು ಸವರಿ, ಮುಂದಿನ ಬಸ್ಸಿಗೆ ಹೊರಟುಹೋಗುತ್ತಿದ್ದರು. ಅದರ ಅರ್ಥ ನನಗೆ ತಿಳಿದುದು ಬಹುಕಾಲದ ಮೇಲೆ. ಹಾಗೆ ಮಾಡೆಂದು ಆ ಶಾಲೆಯಲ್ಲಿ ನನಗೆ ಯಾರೂ ಕಲಿಸಲಿಲ್ಲ. ಹಾಗೆ ಮಾಡಬಾರದೆಂದೂ ಯಾರೂ ಕಲಿಸಲಿಲ್ಲ. ಈ ಎರಡನೆಯದನ್ನು ನನ್ನ ಶಾಲೆಯಲ್ಲಿ ಕಲಿಸದೆ ಬಿಟ್ಟರೆ ನಾನು ಕಲಿಸಿದ ಇಂಗ್ಲಿಷಿನಿಂದ ಯಾರಿಗೇನು ಫಲ?

ಹೀಗೆಂದ ಮಾತ್ರಕ್ಕೆ ನುಡಿ ಹೇಗಿದ್ದರೂ ಸರಿಯೆಂದು ನಾನು ಹೇಳುವವಳಲ್ಲ. ಒಳ್ಳೆಯ ಇಂಗ್ಲಿಷ್ ಬಾರದಿದ್ದರೆ ನಮ್ಮ ಹುಡುಗಿಯರಿಗೆ ಎಷ್ಟು ಬಾಗಿಲುಗಳು ಮುಚ್ಚಿಕೊಳ್ಳುವುವೆಂಬುದನ್ನು ಬಲ್ಲೆನು. ಎಲೈಜಾ ಪಾಠಕ್ಕೆ ಬಂದುದು ತಪ್ಪಲ್ಲ. ಅಂಗಡಿಯಲ್ಲಿ ಕೆಲಸ ಬೇಕೆಂದು ಬಯಸಿದುದು ತಪ್ಪಲ್ಲ. ಉಚ್ಚಾರಣೆಯ ಹೆಮ್ಮೆಯನ್ನು ಹೀಗೆ ಲೇವಡಿ ಮಾಡಿದ ಷಾ ಅವರೇ 1930ರಲ್ಲಿ, ಬಿ.ಬಿ.ಸಿ. ಬಾನುಲಿಯ ಇಂಗ್ಲಿಷ್ ಉಚ್ಚಾರಣೆಯನ್ನು ಕುರಿತು ಸಲಹೆ ಕೊಡುವ ಸಮಿತಿಗೆ ಅಧ್ಯಕ್ಷರಾದರು. ತಿದ್ದುವುದು ಬೇರೆ, ತಿರಸ್ಕರಿಸುವುದು ಬೇರೆ. ಹಕಾರವನ್ನು ನಾವು ಕಲಿಸಿಯೇ ಕಲಿಸುತ್ತೇವೆ, ಎಚ್ ಅಕ್ಷರವನ್ನೂ ಕಲಿಸುತ್ತೇವೆ. ಆದರೆ ಅದು ಬಾರದವರನ್ನು ನೋಡಿ ನಗುವುದಕ್ಕಾಗಿ ಅಲ್ಲ. ಚಲಚ್ಚಿತ್ರವೇ ಇದಕ್ಕೆ ಏಕೈಕ ಸಾಧನವೆಂದೂ ನನ್ನ ವಾದವಲ್ಲ. ವರ್ಷಕ್ಕೊಂದು ಚಿತ್ರ ಸಾಕು. ಅದೂ ಉಪಾಧ್ಯಾಯಿನಿಯು ಮೊದಲು ನೋಡಿ, ನಿಲ್ಲಿಸಬೇಕಾದೆಡೆ ನಿಲ್ಲಿಸಿ, ಪ್ರಶ್ನೆಯನ್ನು ಸಿದ್ಧಪಡಿಸಿಕೊಂಡುದಾಗಿರಬೇಕು. ಸುಮ್ಮನೆ ಹಚ್ಚಿಟ್ಟು ಹೋಗುವ ಚಿತ್ರಕ್ಕೂ ಮನೆಯ ಟೆಲಿವಿಷನ್ನಿಗೂ ಭೇದವಿಲ್ಲವೆಂಬ ಪೋಷಕರ ಮಾತನ್ನು ನಾನು ಒಪ್ಪುತ್ತೇನೆ.

ಪೋಷಕರಲ್ಲಿ ಒಂದು ವಿಜ್ಞಾಪನೆ. ಮುಂದಿನ ವರ್ಷ ಈ ಪಾಠ ನಡೆಯುವಾಗ ತಾವೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬೇಕು. ಇಂಗ್ಲಿಷ್ ಬಾರದೆಂದು ಸಂಕೋಚಪಡುವ ತಾಯಂದಿರು ಮುಖ್ಯವಾಗಿ ಬರಬೇಕು. ಪೋಷಕರ ಸಭೆಯಲ್ಲಿ ತಮ್ಮ ತಮ್ಮ ಮನೆಯ ನುಡಿಯಲ್ಲಿಯೇ ಮಾತನಾಡಬೇಕು. ತಮ್ಮ ಮಗಳು ತಮ್ಮನ್ನು ತಿದ್ದಿದರೆ ನನಗೆ ತಿಳಿಸಬೇಕು. ಗದರಿಸುವುದಕ್ಕಲ್ಲ, ನನ್ನ ಕತೆಯನ್ನು ಅವಳಿಗೆ ಹೇಳುವುದಕ್ಕೆ.

ಹಳೆಯ ವಿದ್ಯಾರ್ಥಿನಿಯರೆ, ನಿಮ್ಮಲ್ಲಿ ನನ್ನ ವಿಜ್ಞಾಪನೆ ಬೇರೆ. ಶ್ರೀಮತಿ ಪಿಯರ್ಸಳ ಪ್ರಶ್ನೆಯನ್ನು ನಮ್ಮ ಶಾಲೆಯೂ ತನಗೆ ತಾನೇ ಹಾಕಿಕೊಳ್ಳಬೇಕಾಗಿದೆ. ಹತ್ತನೆಯ ತರಗತಿಯವರೆಗೆ ನಿಮ್ಮನ್ನು ತಿದ್ದಿ ತೀಡಿ ಕಳುಹಿಸಿದೆವು; ಪರೀಕ್ಷೆಯ ಫಲಿತಾಂಶ ಬಂದ ದಿನ ನಾವು ನಾವೇ ಅಭಿನಂದಿಸಿಕೊಂಡೆವು; ಆಮೇಲೆ ನಿಮಗೇನಾಯಿತೆಂದು ಎಷ್ಟು ಮಂದಿಯನ್ನು ಕೇಳಿದೆವು? ನಿಮ್ಮಲ್ಲಿ ದಾದಿಯರಿದ್ದೀರಿ, ಉಪಾಧ್ಯಾಯಿನಿಯರಿದ್ದೀರಿ, ಕಚೇರಿಗಳಲ್ಲಿ ದುಡಿಯುವವರಿದ್ದೀರಿ, ಓದು ನಡುವೆಯೇ ನಿಂತು ಮದುವೆಯಾದವರಿದ್ದೀರಿ. ನೀವು ಒಂದೊಂದು ಶುಕ್ರವಾರ ಬಂದು ಹತ್ತನೆಯ ತರಗತಿಯವರೊಡನೆ ಅರ್ಧ ಗಂಟೆ ಮಾತನಾಡಿರಿ. ಗೆದ್ದುದನ್ನು ಮಾತ್ರವಲ್ಲ, ನಿಂತುಹೋದುದನ್ನೂ ಹೇಳಿರಿ. ಯಾವ ನುಡಿಯಲ್ಲಿ ಹೇಳಿದರೂ ಚಿಂತೆಯಿಲ್ಲ.

ಪಂಚಾಶತ್ತಮದ ದಿನ ಯೆರೂಸಲೇಮಿನಲ್ಲಿ ಕೂಡಿದ್ದ ಜನರಿಗೆ ದೇವರ ವಾಕ್ಯವು ಒಂದೇ ಶುದ್ಧ ಭಾಷೆಯಲ್ಲಿ ಕೇಳಿಬರಲಿಲ್ಲ. ಒಬ್ಬೊಬ್ಬರಿಗೂ ಅವರವರು ಹುಟ್ಟಿದ ನುಡಿಯಲ್ಲಿ ಕೇಳಿಬಂದಿತು. ಅಂಥ ಕಿವಿಯನ್ನು ಕರ್ತನು ನಮ್ಮ ಶಾಲೆಗೆ ಅನುಗ್ರಹಿಸಲೆಂದು ಬೇಡಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.

— ಮುಖ್ಯೋಪಾಧ್ಯಾಯಿನಿ